ಕಪಾಟಿನ ಎರಡು ಹಲಗೆ ಮಕ್ಕಳ ಪ್ರಶ್ನೆಗಳಿಗಿರಲಿ

ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳ ಮೇಲ್ವಿಚಾರಕರಿಗೆ ಒಂದು ಬಹಿರಂಗ ಪತ್ರ

ಮೇಲ್ವಿಚಾರಕ ಬಂಧುಗಳೇ,



ಈ ಪತ್ರವನ್ನು ಇಲಾಖೆಯ ಅಧಿಕಾರಿಗಳಿಗೆ ಬರೆಯಬಹುದಿತ್ತು, ಪ್ರಕಾಶಕರಿಗೆ ಬರೆಯಬಹುದಿತ್ತು, ಶಾಲೆಯ ಮೇಷ್ಟರುಗಳಿಗೂ ಬರೆಯಬಹುದಿತ್ತು. ನಿಮಗೇ ಬರೆಯುವುದಕ್ಕೆ ಕಾರಣವಿದೆ. ಬೆಂಗಳೂರು, ಮೈಸೂರು, ಧಾರವಾಡದ ಮಗುವಿಗೆ ಪುಸ್ತಕದಂಗಡಿ ಇದೆ, ಪುಸ್ತಕ ಮೇಳ ಇದೆ, ಓದಿಸಲೇಬೇಕೆಂದು ಹಟ ಹಿಡಿದ ಅಪ್ಪ-ಅಮ್ಮ ಇದ್ದಾರೆ. ಹೋಬಳಿಯಿಂದಲೂ ಆಚೆ ಇರುವ ಊರಿನ ಮಗುವಿಗೆ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಸಿಗುವುದು ನಿಮ್ಮ ಕಪಾಟಿನಲ್ಲಿ ಮಾತ್ರ. ಆ ಕಪಾಟಿನ ಬೀಗದ ಕೈ ನಿಮ್ಮಲ್ಲಿದೆ. ಯಾವ ಪುಸ್ತಕ ಎದುರಿಗಿರಬೇಕು, ಯಾವುದು ಒಳಗಿರಬೇಕು, ಯಾವ ಮಗುವಿಗೆ ಯಾವುದನ್ನು ಎತ್ತಿಕೊಡಬೇಕು ಎಂದು ದಿನವೂ ತೀರ್ಮಾನಿಸುವವರು ನೀವು.

ಇಂದು ಅರಿವು ಕೇಂದ್ರ ಎನಿಸಿಕೊಂಡಿರುವ ನಿಮ್ಮ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ ಕೋವಿಡ್‌ನಿಂದಾಗಿ ಶಾಲೆಗಳು ಬಾಗಿಲು ಹಾಕಿದ್ದಾಗ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು, ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅದುವರೆಗೆ ಪತ್ರಿಕೆ ಓದುವ ಹಿರಿಯರೂ ಕೆಲಸಕ್ಕೆ ಅರ್ಜಿ ಹಾಕುವ ಯುವಕರೂ ಕೂರುತ್ತಿದ್ದ ಜಾಗಕ್ಕೆ ಚಪ್ಪಲಿ ಬಿಟ್ಟು ಓಡಿಬರುವ ಮಕ್ಕಳು ಬಂದರು. ರಾಜ್ಯದಲ್ಲಿ ಇಂಥ ಕೇಂದ್ರಗಳು ಐದು ಸಾವಿರಕ್ಕೂ ಹೆಚ್ಚಿವೆ. ಸಂಬಳ, ಸೌಲಭ್ಯಗಳ ಬಗ್ಗೆ ನಿಮಗಿರುವ ಬೇಡಿಕೆಗಳು ನ್ಯಾಯವಾದವು, ಅವು ಈಡೇರಲೇಬೇಕು. ಈ ಪತ್ರದ ವಿಷಯ ಮಾತ್ರ ಬೇರೆ. ಮಕ್ಕಳು ಬಂದರು, ಸರಿ. ಅವರ ಕೈಗೆ ನಾವು ಏನು ಕೊಡುತ್ತಿದ್ದೇವೆ?

ಕಥೆಪುಸ್ತಕಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಪಂಚತಂತ್ರ, ತೆನಾಲಿ ರಾಮಕೃಷ್ಣ, ಜನಪದ ಕಥೆಗಳು ಹೇಗೋ ದಾರಿ ಮಾಡಿಕೊಂಡು ಬಂದೇಬಿಡುತ್ತವೆ. ಚಿಂತೆ ಇರುವುದು ಕಥೆಯಲ್ಲದ ಪುಸ್ತಕಗಳ ಬಗ್ಗೆ. ಹಕ್ಕಿ, ಹುಳ, ನಕ್ಷತ್ರ, ಯಂತ್ರ, ನದಿ, ಮನುಷ್ಯನ ಮೈ, ಊರಿನ ಚರಿತ್ರೆ, ಕೈಕೆಲಸ, ದೊಡ್ಡವರ ಬದುಕು, ಇವುಗಳನ್ನು ಕುರಿತ ಪುಸ್ತಕಗಳು. ಹಲವು ಕೇಂದ್ರಗಳಲ್ಲಿ ಈ ಜಾಗವನ್ನು ‘ಸಾಮಾನ್ಯ ಜ್ಞಾನ’ ಮತ್ತು ಕ್ವಿಜ್ ಪುಸ್ತಕಗಳು ಹಿಡಿದು ಕೂತಿವೆ. ಪೊಲೀಸ್ ಪರೀಕ್ಷೆಗೋ ಎಫ್‌ಡಿಎ ಪರೀಕ್ಷೆಗೋ ಓದುವ ಯುವಕ ಯುವತಿಯರಿಗೆ ಅವು ಬೇಕು, ಅವರಿಗಾಗಿ ಇರಲಿ. ಆದರೆ ಒಂಬತ್ತು ವರ್ಷದ ಮಗು ಯಾವ ಹುದ್ದೆಗೂ ಅಭ್ಯರ್ಥಿಯಲ್ಲ.

ಜಗತ್ತಿನ ಅತಿ ದೊಡ್ಡ ಹಕ್ಕಿ ಯಾವುದು ಎಂದು ಕೇಳಿ, ಮುಂದಿನ ಸಾಲಿನಲ್ಲೇ ಉಷ್ಟ್ರಪಕ್ಷಿ ಎಂದು ಉತ್ತರ ಕೊಟ್ಟು ಕ್ವಿಜ್ ಪುಸ್ತಕ ಮುಂದಕ್ಕೆ ಹೋಗುತ್ತದೆ. ಮಗುವಿನ ಬಾಯಿಗೆ ಒಂದು ಉತ್ತರ ಬಂತು, ತಲೆಗೆ ಕೆಲಸ ಬರಲಿಲ್ಲ. ಅದೇ ವಿಷಯವನ್ನು ಒಳ್ಳೆಯ ಪುಸ್ತಕ ಬೇರೆ ರೀತಿ ಎತ್ತಿಕೊಳ್ಳುತ್ತದೆ. ಅಷ್ಟು ದೊಡ್ಡ ಹಕ್ಕಿಗೆ ರೆಕ್ಕೆ ಇದ್ದೂ ಹಾರಲು ಏಕಾಗುವುದಿಲ್ಲ? ಹಾರುವ ಹಕ್ಕಿಯ ಎದೆಯ ಮೂಳೆ ಹೇಗಿರುತ್ತದೆ, ಉಷ್ಟ್ರಪಕ್ಷಿಯದು ಹೇಗಿದೆ? ನಿಮ್ಮ ಮನೆಯ ಕೋಳಿ ಗೋಡೆಯ ಮೇಲೆ ಹತ್ತುತ್ತದೆ, ಆದರೆ ಕಾಗೆಯ ಹಾಗೆ ಊರು ದಾಟಿ ಹೋಗುವುದಿಲ್ಲವಲ್ಲ, ಯಾಕೆ? ಇಷ್ಟು ಓದಿದ ಮಗು ಪುಸ್ತಕ ಇಟ್ಟು ಹಿತ್ತಲಿಗೆ ಹೋಗಿ ಕೋಳಿಯನ್ನು ದಿಟ್ಟಿಸಿ ನೋಡುತ್ತದೆ. ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಪುಸ್ತಕದಲ್ಲಿ ಎಷ್ಟು ವಿಷಯ ತುಂಬಿದೆ ಎಂದು ಎಣಿಸಬೇಡಿ, ಅದನ್ನು ಮುಚ್ಚಿಟ್ಟ ಮೇಲೆ ಮಗು ಎದ್ದು ಏನು ಮಾಡುತ್ತದೆ ಎಂದು ನೋಡಿ.

ಒಂದು ಅರಿವು ಕೇಂದ್ರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಕೀಟಗಳ ಬಗೆಗಿನ ಒಂದು ತೆಳು ಪುಸ್ತಕವನ್ನು ಐದಾರು ಮಕ್ಕಳು ಸುತ್ತುವರಿದು ಕೂತಿದ್ದರು. ನುಣುಪು ಮಣ್ಣಿನಲ್ಲಿ ಆಲಿಕೆಯಾಕಾರದ ಗುಂಡಿ ತೋಡಿ, ತಳದಲ್ಲಿ ಅಡಗಿ ಕೂತು, ಜಾರಿಬಿದ್ದ ಇರುವೆಯನ್ನು ಹಿಡಿದು ತಿನ್ನುವ ಹುಳದ ಚಿತ್ರ ಅದರಲ್ಲಿತ್ತು. ಆ ಹುಳಕ್ಕೆ ಊರಿಗೊಂದು ಹೆಸರಿದೆ. ಒಬ್ಬ ಹುಡುಗ ‘ಇದು ನಮ್ಮ ಶಾಲೆ ಹಿಂದೆ ಐತೆ’ ಅಂದ. ಮೇಲ್ವಿಚಾರಕಿ ತಡೆಯಲಿಲ್ಲ, ಪುಸ್ತಕ ಹಿಡಿದುಕೊಂಡೇ ಎಲ್ಲರೂ ಹೊರಗೆ ಹೋದರು. ಸೂರಿನ ಕೆಳಗೆ, ಮಳೆ ಬೀಳದ ಕಡೆ, ಗೋಡೆಯ ಬುಡದಲ್ಲಿ ಹತ್ತಾರು ಗುಂಡಿಗಳಿದ್ದವು. ಹುಡುಗಿಯೊಬ್ಬಳು ಒಂದು ಇರುವೆಯನ್ನು ಹುಲ್ಲುಕಡ್ಡಿಯಿಂದ ಮೆಲ್ಲಗೆ ಅಂಚಿಗೆ ತಳ್ಳಿದಳು. ಇರುವೆ ಜಾರಿತು, ಹತ್ತಲು ನೋಡಿತು. ತಳದಿಂದ ಮಣ್ಣು ಚಿಮ್ಮಿತು, ಇರುವೆ ಮತ್ತೆ ಜಾರಿತು, ಕಾಣೆಯಾಯಿತು. ಮಕ್ಕಳೆಲ್ಲ ಉಸಿರು ಬಿಗಿಹಿಡಿದಿದ್ದರು. ಆಮೇಲೆ ಆ ಹುಡುಗಿ ಕೇಳಿದಳು: ‘ಮೇಡಂ, ಮಳೆ ಬಂದು ಗುಂಡಿ ಮುಚ್ಚೋದ್ರೆ ಇದು ಊಟಕ್ಕೆ ಏನ್ಮಾಡುತ್ತೆ?’

ಆ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿರಲಿಲ್ಲ. ಮೇಲ್ವಿಚಾರಕಿಗೂ ಗೊತ್ತಿರಲಿಲ್ಲ. ಅವರು ಒಂದು ನೋಟುಪುಸ್ತಕ ತಂದು, ಆ ಪ್ರಶ್ನೆಯನ್ನೂ ಕೇಳಿದವಳ ಹೆಸರನ್ನೂ ಬರೆದಿಟ್ಟರು. ಮಳೆಗಾಲದಲ್ಲಿ ನೋಡೋಣ ಅಂದರು. ಶಿಕ್ಷಣದ ಬಗ್ಗೆ ನಾನು ಕೇಳಿರುವ ಬಹಳಷ್ಟು ಭಾಷಣಗಳಿಗಿಂತ ಆ ಒಂದು ಮಾತು ದೊಡ್ಡದು.

ಪುಸ್ತಕ ಓದಿ ಸುಮ್ಮನಿರದೆ ಕೈಯಿಂದ ಮಾಡಿ ನೋಡಿದ ಒಬ್ಬ ಹುಡುಗನ ವಿಷಯ ನಿಮ್ಮ ಕೇಂದ್ರದ ಮಕ್ಕಳಿಗೆ ಹೇಳಲೇಬೇಕು. 1791ರಲ್ಲಿ ಇಂಗ್ಲೆಂಡಿನ ಬಡ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಮೈಕೆಲ್ ಫ್ಯಾರಡೆ ಹೆಚ್ಚು ಶಾಲೆ ಕಲಿತವನಲ್ಲ. ಹದಿನಾಲ್ಕನೆಯ ವಯಸ್ಸಿಗೆ ಲಂಡನ್ನಿನ ಒಬ್ಬ ಪುಸ್ತಕ ಬೈಂಡರನ ಬಳಿ ಕೆಲಸ ಕಲಿಯಲು ಸೇರಿದ. ಹೊಲಿಯಲು ಬಂದ ಪುಸ್ತಕಗಳನ್ನೇ ಓದತೊಡಗಿದ. ಹಾಗೆ ಕೈಗೆ ಸಿಕ್ಕಿದ ಒಂದು ಪುಸ್ತಕ ‘ರಸಾಯನಶಾಸ್ತ್ರವನ್ನು ಕುರಿತ ಸಂಭಾಷಣೆಗಳು’. ಬರೆದವಳು ಜೇನ್ ಮಾರ್ಸೆಟ್ ಎಂಬ ಹೆಂಗಸು, ಮೊದಲ ಮುದ್ರಣಗಳಲ್ಲಿ ಅವಳ ಹೆಸರೂ ಇರಲಿಲ್ಲ. ಒಬ್ಬ ಗುರು, ಇಬ್ಬರು ಹುಡುಗಿಯರು. ಹುಡುಗಿಯರು ಕೇಳುತ್ತಾರೆ, ವಾದಿಸುತ್ತಾರೆ, ಪ್ರಯೋಗ ಮಾಡಿ ನೋಡುತ್ತಾರೆ, ಅದೇ ಪುಸ್ತಕ. ಫ್ಯಾರಡೆ ಅದರಲ್ಲಿದ್ದ ಮಾತುಗಳನ್ನು ತನ್ನ ಪುಡಿಗಾಸಿಗೆ ಎಟುಕುವ ಸಣ್ಣಪುಟ್ಟ ಪ್ರಯೋಗಗಳಿಂದ ತಾನೇ ಪರೀಕ್ಷಿಸಿದ, ನಿಜವೆಂದು ಕಂಡ ಮೇಲೆ ನಂಬಿದ. 1831ರಲ್ಲಿ ಅವನು ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ವದ ಮೇಲೆಯೇ ಶಿವನಸಮುದ್ರದ, ಶರಾವತಿಯ ಜನರೇಟರುಗಳು ತಿರುಗುತ್ತಿರುವುದು. ದೊಡ್ಡ ವಿಜ್ಞಾನಿಯಾದ ಮೇಲೂ ಅವನು ಮಾರ್ಸೆಟ್ಟಳ ಋಣವನ್ನು ನೆನೆಯುತ್ತಿದ್ದ. ಮುಂದೆ ತಾನೇ ಮಕ್ಕಳೆದುರು ನಿಂತು, ಉರಿಯುವ ಒಂದು ಮೇಣದಬತ್ತಿಯನ್ನು ಹಿಡಿದು ಉಪನ್ಯಾಸಗಳನ್ನು ಕೊಟ್ಟ. 1861ರಲ್ಲಿ ಅವು ಪುಸ್ತಕವಾದವು. ಒಂದು ಮೇಣದಬತ್ತಿಯಿಂದ ಇಡೀ ರಸಾಯನಶಾಸ್ತ್ರಕ್ಕೆ ಹೋಗಬಹುದು ಎಂದು ಅವನು ತೋರಿಸಿದ.

ಇದು ಇಂಗ್ಲೆಂಡಿನ ಮಾತಾಯಿತು. ನಮ್ಮಲ್ಲಿ ಇಂಥದ್ದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಕನ್ನಡದ ಮಕ್ಕಳಿಗೆ ಕೊಟ್ಟರು, ಆಮೇಲೆ ದೊಡ್ಡವರಿಗೆಂದು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ಕಿರಿಯರಿಗಾಗಿಯೇ ಏಳು ಸಂಪುಟಗಳ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಬಂತು. ಜಿ.ಟಿ. ನಾರಾಯಣ ರಾವ್ ಕನ್ನಡದ ಓದುಗರ ಕೈಹಿಡಿದು ನಕ್ಷತ್ರ ತೋರಿಸಿದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’, ‘ಏರೋಪ್ಲೇನ್ ಚಿಟ್ಟೆ’ ಓದಿ ಕಾಡಿನ ಕಡೆ, ಕೆರೆಯ ಕಡೆ ಹೊರಟ ಹುಡುಗರು ನಾಡಿನ ತುಂಬ ಇದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ದಶಕಗಳಿಂದ ‘ಬಾಲವಿಜ್ಞಾನ’ ಮಾಸಪತ್ರಿಕೆಯನ್ನು ನಡೆಸಿಕೊಂಡು ಬಂದಿದೆ. ಇಷ್ಟು ದೊಡ್ಡ ಪರಂಪರೆ ಇರುವ ಭಾಷೆಯ ಮಗು ಕ್ವಿಜ್ ಪುಸ್ತಕಕ್ಕೇ ನಿಂತುಬಿಟ್ಟರೆ ಆ ತಪ್ಪು ಮಗುವಿನದಲ್ಲ.

ಈ ಸಾಲಿನಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸ್ವಾಮಿಯವರು ಸಸ್ಯಶಾಸ್ತ್ರಜ್ಞರು, ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ನಾವು ದಿನವೂ ತಿನ್ನುವ ಎಷ್ಟೋ ಕಾಯಿಪಲ್ಲೆ, ಹಣ್ಣುಗಳ ಮೂಲ ಅಮೆರಿಕ ಖಂಡ ಎಂಬುದೇ ಆ ಪುಸ್ತಕದ ವಸ್ತು. ಇದು ಚಿಕ್ಕ ಮಕ್ಕಳ ಪುಸ್ತಕವಲ್ಲ. ಆದರೆ ನೀವು ಓದಿಕೊಂಡು ಏಳನೆಯ ತರಗತಿಯ ಮಕ್ಕಳ ಮುಂದೆ ಅದರ ವಿಷಯ ಎತ್ತಿ ನೋಡಿ. ಮಧ್ಯಾಹ್ನದ ಬಿಸಿಯೂಟದ ಸಾರಿನಲ್ಲಿ ಏನೇನಿತ್ತು ಎಂದು ಕೇಳಿ. ಟೊಮೆಟೊ, ಆಲೂಗೆಡ್ಡೆ, ಮೆಣಸಿನಕಾಯಿ ಎಂದು ಪಟ್ಟಿ ಬರುತ್ತದೆ. ಕಪ್ಪುಹಲಗೆ ಇದ್ದರೆ ಬರೆಯಿರಿ. ಕೊಲಂಬಸ್ ಅಮೆರಿಕದ ಕಡೆಗೆ ಹೊರಟದ್ದು 1492ರಲ್ಲಿ, ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಬಂದದ್ದು 1498ರಲ್ಲಿ. ಅದಕ್ಕೂ ಮುಂಚೆ ನಮ್ಮ ನೆಲದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ ಎಂದು ಹೇಳಿ. ಬ್ಯಾಡಗಿಯ ಮಾರುಕಟ್ಟೆಯನ್ನು ಕೆಂಪಾಗಿಸುವ ಮೆಣಸಿನಕಾಯಿಯ ಪೂರ್ವಜರು ಹಡಗು ಹತ್ತಿ ಬಂದವರು ಎಂದು ಹೇಳಿ, ಮಕ್ಕಳ ಮುಖ ನೋಡಿ.

ಆಮೇಲೆ ನೀವು ಏನೂ ಮಾಡಬೇಕಾಗಿಲ್ಲ. ‘ಹಂಗಾದ್ರೆ ಅಲ್ಲಿವರೆಗೆ ಸಾರು ಖಾರ ಹೆಂಗ್ ಮಾಡ್ತಿದ್ರು?’ ಎಂದು ಒಬ್ಬ ಕೇಳುತ್ತಾನೆ. ಕರಿಮೆಣಸಿನ ಮಾತು ಬರುತ್ತದೆ, ಪಶ್ಚಿಮ ಘಟ್ಟ ಬರುತ್ತದೆ. ಆ ಮೆಣಸಿಗಾಗಿಯೇ ಪೋರ್ಚುಗೀಸರು ಸಮುದ್ರ ದಾಟಿ ಬಂದರು ಎಂಬ ಚರಿತ್ರೆ ಬರುತ್ತದೆ. ‘ರಾಗಿ ಎಲ್ಲಿಂದ ಬಂತು?’ ಎಂದು ಇನ್ನೊಬ್ಬಳು ಕೇಳುತ್ತಾಳೆ. ಆಫ್ರಿಕಾದಿಂದ ಬಂತು, ಅದೂ ಸಾವಿರಾರು ವರ್ಷಗಳ ಹಿಂದೆ. ಅಡುಗೆಮನೆಯಿಂದ ಹೊರಟ ಮಾತು ಭೂಪಟಕ್ಕೆ, ಭೂಪಟದಿಂದ ಚರಿತ್ರೆಗೆ, ಅಲ್ಲಿಂದ ಹೊಲಕ್ಕೆ ಹೋಗುತ್ತದೆ. ವಿಜ್ಞಾನ ಬೇರೆ, ಸಮಾಜ ಬೇರೆ ಎಂದು ನಾವು ಹಾಕಿದ ಗೋಡೆ ಮಗುವಿನ ತಲೆಯಲ್ಲಿ ಇಲ್ಲ. ಒಳ್ಳೆಯ ಪುಸ್ತಕ ಆ ಗೋಡೆಯನ್ನು ಕಟ್ಟುವುದೂ ಇಲ್ಲ.

ಇನ್ನು ಆಯ್ಕೆಯ ಮಾತು. ನಿಮ್ಮ ಮುಂದೆ ಹತ್ತು ಪುಸ್ತಕ ಇದ್ದಾಗ ಎರಡನ್ನು ಆರಿಸುವುದು ಹೇಗೆ? ಇದಕ್ಕೆ ಡಿಗ್ರಿ ಬೇಕಾಗಿಲ್ಲ, ಕಾಲು ಗಂಟೆಯ ತಾಳ್ಮೆ ಸಾಕು.

ಮೊದಲು ಮಧ್ಯದ ಒಂದು ಪುಟ ತೆಗೆದು ಗಟ್ಟಿಯಾಗಿ ಓದಿ. ಮುನ್ನುಡಿ, ಬೆನ್ನುಡಿ ನೋಡಿ ಮೋಸ ಹೋಗಬೇಡಿ. ನಿಮಗೆ ಉಸಿರು ಕಟ್ಟಿದರೆ ಮಗುವಿಗೂ ಕಟ್ಟುತ್ತದೆ. ಕಷ್ಟದ ಪದ ಇರಬಾರದು ಎಂದು ನಾನು ಹೇಳುತ್ತಿಲ್ಲ. ದ್ಯುತಿಸಂಶ್ಲೇಷಣೆ ಎಂಬ ಪದವನ್ನು ಮಗು ಖುಷಿಯಿಂದಲೇ ಕಲಿಯುತ್ತದೆ. ಎಲೆ ಬಿಸಿಲಿನಲ್ಲಿ ಅನ್ನ ಬೇಯಿಸಿಕೊಳ್ಳುವ ಕೆಲಸವನ್ನು ಮೊದಲು ತೋರಿಸಿ, ಅದಕ್ಕೆ ಈ ಹೆಸರು ಎಂದು ಆಮೇಲೆ ಹೇಳಿರಬೇಕು. ಹೆಸರನ್ನಷ್ಟೇ ಹೇಳಿ ಕೆಲಸವನ್ನು ಹೇಳದ ಪುಸ್ತಕ ಬೇಡ.

ಎರಡನೆಯದು, ಚಿತ್ರಗಳನ್ನು ನೋಡಿ. ಬಣ್ಣ ಜಾಸ್ತಿ ಇದ್ದರೆ ಒಳ್ಳೆಯ ಚಿತ್ರ ಎಂದೇನಿಲ್ಲ. ಒಂದೇ ಪುಟದಲ್ಲಿ ತಿಮಿಂಗಿಲವೂ ಆನೆಯೂ ಒಂದೇ ಅಳತೆಗೆ ಇದ್ದರೆ ಮಗುವಿಗೆ ಏನು ತಿಳಿದಂತಾಯಿತು? ನೀಲಿ ತಿಮಿಂಗಿಲ 30 ಮೀಟರ್‌ವರೆಗೂ ಬೆಳೆಯುತ್ತದೆ ಎಂದು ಹೇಳಿ, ಪಕ್ಕದಲ್ಲಿ ಒಂದು ಬಸ್ಸನ್ನೋ ಮನುಷ್ಯನನ್ನೋ ಬರೆದಿದ್ದರೆ ಅದು ಚಿತ್ರ. ಅಂಥ ಪುಟ ಸಿಕ್ಕರೆ ಶಾಲೆಯ ಮೈದಾನದಲ್ಲಿ 30 ಮೀಟರ್ ಹಗ್ಗ ಹಿಡಿದು ಮಕ್ಕಳನ್ನು ನಿಲ್ಲಿಸಿ, ಜನ್ಮದಲ್ಲಿ ಮರೆಯುವುದಿಲ್ಲ. ಚಿತ್ರದಲ್ಲಿರುವ ಮರ, ಹಕ್ಕಿ, ಮನೆ, ಮನುಷ್ಯರು ಎಲ್ಲಿಯವರು ಎಂದೂ ನೋಡಿ. ಹಿಮವೂ ಓಕ್ ಮರವೂ ಮಗುವಿಗೆ ಬೇಕು. ಅದರ ಜೊತೆಗೆ ಹೊಂಗೆ, ಗೀಜಗ, ಕೆರೆ ಏರಿ, ಕಪ್ಪು ಮೈಬಣ್ಣದ ಮಗು ಕೂಡ ಪುಸ್ತಕದಲ್ಲಿರಬೇಕು.

ಮೂರನೆಯದು, ಪುಸ್ತಕ ಯಾವ ವರ್ಷದ್ದು ನೋಡಿ. 2006ರಲ್ಲಿ ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ತೆಗೆದರು, ಈಗ ಗ್ರಹಗಳು ಎಂಟು. ವಿಜಯನಗರ ಸೇರಿ 2021ರಿಂದ ನಮ್ಮ ರಾಜ್ಯದ ಜಿಲ್ಲೆಗಳು 31. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಹೊಸ ಪುಸ್ತಕವೆಂದು ಬಂದದ್ದರಲ್ಲಿ ಒಂಬತ್ತು ಗ್ರಹ, 30 ಜಿಲ್ಲೆ ಇದ್ದರೆ ಹಳೆಯದನ್ನು ಹೊಸ ರಕ್ಷಾಪುಟ ಹಾಕಿ ಮಾರಿದ್ದಾರೆ ಎಂದೇ ಅರ್ಥ. ಕಾರಂತರ, ನಿರಂಜನರ ಸಂಪುಟಗಳಿಗೂ ವಯಸ್ಸಾಗಿದೆ. ಅವನ್ನು ಎಸೆಯಬೇಡಿ, ಇದು ಇಂಥ ವರ್ಷದ ತಿಳಿವಳಿಕೆ ಎಂದು ಹೇಳಿ ಕೊಡಿ. ತಿಳಿವಳಿಕೆಯೂ ಬದಲಾಗುತ್ತದೆ ಎಂಬುದನ್ನು ಕಲಿಸಲು ಅವಕ್ಕಿಂತ ಒಳ್ಳೆಯ ಪಾಠವಿಲ್ಲ.

ಅಚ್ಚಾದ ತಪ್ಪುಗಳಲ್ಲಿ ಕೆಲವು ಬಹಳ ಗಟ್ಟಿ ಪಿಂಡಗಳು. ನಾಲಿಗೆಯ ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಹುಳಿ, ಹಿಂದೆ ಕಹಿ ಎಂದು ನಕ್ಷೆ ಬರೆದ ಪುಸ್ತಕ ಇವತ್ತಿಗೂ ಸಿಗುತ್ತದೆ. ಅದು ತಪ್ಪು, ನಾಲಿಗೆಯಲ್ಲಿ ರುಚಿ ತಿಳಿಯುವ ಎಲ್ಲ ಭಾಗಕ್ಕೂ ಎಲ್ಲ ರುಚಿಯೂ ತಿಳಿಯುತ್ತದೆ. ಅಂಥ ಪುಸ್ತಕ ಕೈಗೆ ಬಂದರೆ ಒಂದು ಕೆಲಸ ಮಾಡಿ. ಸಕ್ಕರೆ ನೀರು, ನಿಂಬೆರಸ ಎರಡು ಲೋಟದಲ್ಲಿಟ್ಟು, ಶುದ್ಧವಾದ ಹತ್ತಿಯನ್ನು ಅದ್ದಿ, ಮಕ್ಕಳೇ ತಮ್ಮ ತಮ್ಮ ನಾಲಿಗೆಯ ತುದಿಗೆ, ಬದಿಗೆ ಮುಟ್ಟಿಸಿಕೊಂಡು ನೋಡಲಿ. ಪುಸ್ತಕದಲ್ಲಿ ಅಚ್ಚಾದದ್ದು ಸುಳ್ಳು, ತನ್ನ ನಾಲಿಗೆ ಹೇಳಿದ್ದು ನಿಜ ಎಂದು ಹತ್ತು ವರ್ಷದ ಮಗುವಿಗೆ ಒಮ್ಮೆ ತಿಳಿದರೆ, ಮುಂದೆ ಮೊಬೈಲಿನಲ್ಲಿ ಬರುವ ಸುಳ್ಳನ್ನೂ ಅದು ಹಾಗೇ ಪರೀಕ್ಷಿಸುತ್ತದೆ. ಬೀದಿಗೊಂದು ಸುಳ್ಳು ಸುದ್ದಿ ಹುಟ್ಟುವ ಈ ಕಾಲದಲ್ಲಿ ಮಕ್ಕಳಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಪುಸ್ತಕ ಏನು ಹೇಳುತ್ತದೆ ಎಂಬುದರ ಜೊತೆಗೆ ಅದು ಹೇಗೆ ಗೊತ್ತಾಯಿತು ಎಂದೂ ಹೇಳುತ್ತದೆಯೇ? ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಹೆಬ್ಬಾತುಗಳು ಹಿಮಾಲಯ ದಾಟಿ ದೂರದ ದೇಶಗಳಿಂದ ಬರುತ್ತವೆ ಎಂದಷ್ಟೇ ಹೇಳುವ ಪುಸ್ತಕ ಒಂದು ಮಾಹಿತಿ ಕೊಟ್ಟಿತು. ಮಂಗೋಲಿಯಾದಲ್ಲಿ ಸಂಶೋಧಕರು ಹಕ್ಕಿಯ ಕೊರಳಿಗೆ ಸಂಖ್ಯೆ ಬರೆದ ಪಟ್ಟಿ ತೊಡಿಸಿದರು, ಅದೇ ಪಟ್ಟಿಯ ಹಕ್ಕಿಗಳನ್ನು ಕರ್ನಾಟಕದ ಕೆರೆಗಳಲ್ಲಿ ದುರ್ಬೀನು ಹಿಡಿದವರು ಕಂಡು ಬರೆದುಕೊಂಡರು, ಹಾಗಾಗಿ ನಮಗೆ ಗೊತ್ತಾಯಿತು ಎನ್ನುವ ಪುಸ್ತಕ ಮಗುವನ್ನು ಆ ಕೆಲಸಕ್ಕೇ ಸೇರಿಸಿಕೊಂಡಿತು. ದುರ್ಬೀನು ಹಿಡಿದವರಲ್ಲಿ ತಾನೂ ಒಬ್ಬನಾಗಬಹುದು ಎಂದು ಆ ಕೆರೆಗೆ ಹತ್ತಿರದ ಶಿರಹಟ್ಟಿಯ ಹುಡುಗನಿಗೆ ಅನ್ನಿಸುವುದು ಆಗಲೇ.

ಮಹನೀಯರ ಜೀವನಚರಿತ್ರೆಗಳಿಗೂ ಇದೇ ಅಳತೆ. ರಾಷ್ಟ್ರೋತ್ಥಾನದ ‘ಭಾರತ-ಭಾರತಿ’ ಮಾಲೆಯ ಐನೂರಕ್ಕೂ ಹೆಚ್ಚು ಕಿರುಪುಸ್ತಕಗಳು ಒಂದು ಕಾಲದಲ್ಲಿ ಮನೆಮನೆಗೆ ಹೋದವು. ಅಷ್ಟು ಅಗ್ಗಕ್ಕೆ, ಅಷ್ಟು ಜನರಿಗೆ ಓದಿನ ರುಚಿ ಹಚ್ಚಿದ್ದು ಸಣ್ಣ ಸಾಧನೆಯಲ್ಲ. ಆದರೆ ಈಗ ಮಾರುಕಟ್ಟೆಯಲ್ಲಿರುವ ಎಷ್ಟೋ ಜೀವನಚರಿತ್ರೆಗಳಲ್ಲಿ ದೊಡ್ಡವರು ಹುಟ್ಟುವಾಗಲೇ ದೊಡ್ಡವರು. ಮಗುವಿಗೆ ಬೇಕಾದದ್ದು ಅವರು ಎಡವಿದ್ದು, ಕಾದದ್ದು, ಹಟ ಹಿಡಿದದ್ದು. 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗಿನ ನಿರ್ದೇಶಕರು ಸಿ.ವಿ. ರಾಮನ್. ಹೆಂಗಸು ಎಂಬ ಕಾರಣಕ್ಕೆ ಅವರು ನಿರಾಕರಿಸಿದರು. ಕಮಲಾ ಬಿಡಲಿಲ್ಲ. ಒಂದು ವರ್ಷ ಪರೀಕ್ಷೆಯ ಮೇಲೆ ಇರಬಹುದು ಎಂಬ ಷರತ್ತಿನ ಮೇಲೆ ಸೇರಿ, ತಮ್ಮ ಕೆಲಸದಿಂದಲೇ ಅವರನ್ನು ಒಪ್ಪಿಸಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ನೊಬೆಲ್ ಪಡೆದ ದೊಡ್ಡ ವಿಜ್ಞಾನಿಯೂ ತಪ್ಪು ಮಾಡಬಲ್ಲರು, ಒಬ್ಬ ಹುಡುಗಿ ಅದನ್ನು ತಿದ್ದಬಲ್ಲಳು ಎಂದು ತೋರಿಸುವ ಪುಸ್ತಕ ಆರನೆಯ ತರಗತಿಯ ಹುಡುಗಿಯ ಕೈಗೆ ಹೋಗಬೇಕು. ಹುಡುಗನ ಕೈಗೂ ಹೋಗಬೇಕು.

ಕೈಕೆಲಸದ ಪುಸ್ತಕಗಳನ್ನು ಮರೆಯಬೇಡಿ. ಅಕ್ಷರಕ್ಕೆ ಹೆದರುವ ಮಗು ಮೊದಲು ಒಲಿಯುವುದು ಅವಕ್ಕೇ. ಬೆಂಕಿಕಡ್ಡಿ, ಸೈಕಲ್ ಟ್ಯೂಬು, ಹಳೆ ಪೆನ್ನು, ಬಾಟಲಿ ಮುಚ್ಚಳದಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಕಲಿಸಿದ ಅರವಿಂದ ಗುಪ್ತ ಅವರು ತಮ್ಮ ಪುಸ್ತಕಗಳನ್ನೂ ವಿಡಿಯೊಗಳನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಸಾಕಷ್ಟು ಚಿತ್ರಪುಸ್ತಕಗಳಿವೆ. ಪ್ರಕೃತಿ, ವಿಜ್ಞಾನ, ಗಣಿತದವೂ ಇವೆ. ಇಳಿಸಿಕೊಳ್ಳಲು, ಮುದ್ರಿಸಿಕೊಳ್ಳಲು ಅನುಮತಿಯೂ ಇದೆ. ಕಂಪ್ಯೂಟರ್, ಪ್ರಿಂಟರ್ ಇರುವ ಕೇಂದ್ರಗಳಿಗೆ ಖರ್ಚು ಕಾಗದ ಮತ್ತು ಶಾಯಿಯದ್ದು ಮಾತ್ರ.

ನೀವು ಹೇಳಬಹುದು: ಪುಸ್ತಕ ಕೊಳ್ಳುವುದು ನಾವಲ್ಲ, ಮೇಲಿನಿಂದ ಗಂಟು ಬರುತ್ತದೆ, ನಾವು ಪರಿಗ್ರಹಣ ವಹಿಯಲ್ಲಿ ಬರೆದುಕೊಳ್ಳುತ್ತೇವೆ, ಅಷ್ಟೇ. ಬಹಳ ಕಡೆ ನಿಜ. ಆದರೂ ಮೂರು ಕೆಲಸ ನಿಮ್ಮ ಕೈಯಲ್ಲಿವೆ.

ಒಂದು, ಮಕ್ಕಳ ಪ್ರಶ್ನೆಗಳಿಗೆ ಒಂದು ವಹಿ ಇಡಿ. ಯಾರು, ಯಾವತ್ತು, ಏನು ಕೇಳಿದರು ಎಂದು ಬರೆಯಿರಿ. ವರ್ಷಕ್ಕೊಮ್ಮೆ ಅದರಿಂದ ಒಂದು ಪಟ್ಟಿ ಮಾಡಿ ಪಿಡಿಒ ಅವರಿಗೆ, ಪಂಚಾಯಿತಿ ಸಭೆಗೆ ಕೊಡಿ. ‘ಪುಸ್ತಕ ಬೇಕು’ ಎಂಬ ಮನವಿ ಕಡತಕ್ಕೆ ಹೋಗುತ್ತದೆ. ‘ನಮ್ಮೂರಿನ ಇಷ್ಟು ಮಕ್ಕಳು ಬೋರ್‌ವೆಲ್ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಾರೆ, ಉತ್ತರ ಇರುವ ಪುಸ್ತಕ ನಮ್ಮಲ್ಲಿಲ್ಲ’ ಎಂದರೆ ಸದಸ್ಯರು ಕಿವಿ ಕೊಡುತ್ತಾರೆ. 1965ರ ಗ್ರಂಥಾಲಯ ಕಾಯ್ದೆಯ ಕಾಲದಿಂದ ಜನ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತ ಬಂದಿದ್ದಾರೆ. ಒಳ್ಳೆಯ ಪುಸ್ತಕ ಕೇಳುವುದು ಭಿಕ್ಷೆ ಬೇಡುವುದಲ್ಲ, ಹಕ್ಕು. ಊರಿನಿಂದ ಹೋಗಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿದವರು ಹಬ್ಬಕ್ಕೆ ಬಂದಾಗ ‘ಏನು ಕೊಡಲಿ?’ ಎಂದರೆ ಅವರಿಗೂ ಇದೇ ಪಟ್ಟಿ ತೋರಿಸಿ.

ಎರಡು, ಆರಿಸುವಾಗ ಮಕ್ಕಳನ್ನೂ ಕೂರಿಸಿಕೊಳ್ಳಿ. ಬಂದ ಗಂಟನ್ನು ಅವರ ಮುಂದೆಯೇ ಬಿಚ್ಚಿ. ಯಾವುದನ್ನು ಎಳೆದಾಡುತ್ತಾರೆ, ಯಾವುದನ್ನು ಮುಟ್ಟುವುದೇ ಇಲ್ಲ, ನೋಡಿ. ಎಳೆದಾಡಿದವು ಎದುರಿನ ಎರಡು ಹಲಗೆಗೆ ಬರಲಿ, ಮಕ್ಕಳ ಎದೆಮಟ್ಟದಲ್ಲಿ, ಬೀಗವಿಲ್ಲದೆ, ರಕ್ಷಾಪುಟ ಕಾಣುವ ಹಾಗೆ. ಪುಸ್ತಕ ಹರಿಯುತ್ತದೆ ಎಂಬ ಭಯದ ಜೊತೆಗೆ ನಿಮಗೆ ಲೆಕ್ಕ ತನಿಖೆಯ ಭಯವೂ ಇದೆ. ಆದ್ದರಿಂದ ಇಲಾಖೆಯ ಹಿರಿಯರಿಗೂ ಈ ಪತ್ರದ ಮೂಲಕ ಒಂದು ವಿನಂತಿ: ಮಕ್ಕಳು ಓದಿ ಸವೆದ ಪುಸ್ತಕಕ್ಕೆ ಮೇಲ್ವಿಚಾರಕರಿಂದ ದಂಡ ಕೇಳಬೇಡಿ. ಗರಿಗರಿಯಾಗಿ ಉಳಿದ ಪುಸ್ತಕ ಏಕೆ ಉಳಿಯಿತು ಎಂದು ಕೇಳಿ. ಪುಸ್ತಕ ಇರುವುದು ಬಳಕೆಗೆ ಎಂಬುದನ್ನೇ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವಾಗಿ 1931ರಲ್ಲಿ ಇಟ್ಟವರು ಎಸ್.ಆರ್. ರಂಗನಾಥನ್. ಅವರು ಕೊನೆಯ ವರ್ಷಗಳನ್ನು ಕಳೆದದ್ದು, 1972ರಲ್ಲಿ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲೇ. ಗ್ರಂಥಾಲಯ ಬೆಳೆಯುವ ಜೀವ ಎಂಬುದು ಅವರ ಐದನೆಯ ಸೂತ್ರ. ಬೆಳೆಯುವುದಕ್ಕೆ ಹಳೆಯದನ್ನು ತೆಗೆಯುವುದೂ ಸೇರುತ್ತದೆ.

ಮೂರು, ಮಕ್ಕಳಿಂದಲೇ ಪುಸ್ತಕ ಬರೆಸಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ತಯಾರಾಗುವ ಜನತಾ ಜೀವವೈವಿಧ್ಯ ದಾಖಲಾತಿ ನಿಮ್ಮ ಪಂಚಾಯಿತಿ ಕಚೇರಿಯಲ್ಲಿ ಇರಬೇಕು. ಕೇಳಿ ತನ್ನಿ, ಮಕ್ಕಳಿಗೆ ತೋರಿಸಿ. ತಮ್ಮೂರಿನ ಗಿಡ, ಮೀನು, ಬಿತ್ತನೆ ಬೀಜದ ಹೆಸರುಗಳು ಸರ್ಕಾರಿ ಪುಸ್ತಕದಲ್ಲಿವೆ ಎಂದರೆ ಅವರಿಗೆ ಹೆಮ್ಮೆ. ಬಿಟ್ಟುಹೋದವನ್ನು ಅವರೇ ಹುಡುಕುತ್ತಾರೆ, ತಪ್ಪಿದ್ದರೆ ಅಜ್ಜಿಯನ್ನು ಕೇಳಿ ತಿದ್ದುತ್ತಾರೆ. ನಮ್ಮೂರಿನ ಬಾವಿಗಳು, ನಮ್ಮೂರಿನ ಹಕ್ಕಿಗಳು, ಕುಂಬಾರರ ಚಕ್ರ, ಅಜ್ಜಿಯ ಕಷಾಯ, ಸಂತೆಯ ಲೆಕ್ಕ, ಯಾವುದಾದರೂ ಆಗಲಿ. ಮಕ್ಕಳು ನೋಡಿ, ಕೇಳಿ, ಅಳೆದು, ಚಿತ್ರ ಬರೆದು, ಹೊಲಿದು ತಂದ ಪುಸ್ತಕಕ್ಕೆ ನಿಮ್ಮ ಪರಿಗ್ರಹಣ ವಹಿಯಲ್ಲಿ ಒಂದು ಸಂಖ್ಯೆ ಕೊಡಿ, ಮೊಹರು ಹಾಕಿ, ಹಲಗೆಯ ಮೇಲಿಡಿ. ಬೇರೆ ಮಕ್ಕಳು ಎರವಲು ಪಡೆಯಲಿ. ಪುಸ್ತಕ ಓದುವವರು ತಾವು, ಬರೆಯುವವರು ಬೇರೆ ಯಾರೋ ಎಂಬ ಭಾವನೆ ಅವತ್ತಿಗೆ ಮುರಿಯುತ್ತದೆ. ಸೃಜನಶೀಲತೆಗೆ ಪ್ರತ್ಯೇಕ ಶಿಬಿರ ನಡೆಸುವ ಅಗತ್ಯವೂ ಇರುವುದಿಲ್ಲ.

ಬಂಧುಗಳೇ, ಇಷ್ಟೆಲ್ಲ ಹೇಳಿದ್ದು ನಿಮ್ಮ ಹೊರೆ ಹೆಚ್ಚಿಸಲಿಕ್ಕಲ್ಲ. ಊರಿನಲ್ಲಿ ಮಕ್ಕಳ ಪ್ರಶ್ನೆಗೆ ‘ಸುಮ್ನಿರು’ ಎನ್ನುವವರು ಬಹಳ ಜನ ಇದ್ದಾರೆ. ‘ಬಾ, ನೋಡೋಣ’ ಎನ್ನುವವರು ಒಬ್ಬರಾದರೂ ಇರಬೇಕು, ಆ ಒಬ್ಬರು ನೀವಾಗಿ. ಈ ತಿಂಗಳೇ ನಿಮ್ಮ ಕಪಾಟಿನ ಎರಡು ಹಲಗೆ ಖಾಲಿ ಮಾಡಿ. ಕ್ವಿಜ್ ಪುಸ್ತಕಗಳನ್ನು ಯುವಕರ ವಿಭಾಗಕ್ಕೆ ಸರಿಸಿ, ತಪ್ಪಿರುವುದನ್ನು ತೆಗೆದಿಡಿ. ಇರುವ ಒಳ್ಳೆಯ ಪುಸ್ತಕ ಹತ್ತೇ ಆಗಿದ್ದರೂ ಮಕ್ಕಳ ಕೈಗೆಟುಕುವ ಕಡೆ ಇಡಿ. ಪಕ್ಕದಲ್ಲಿ ಒಂದು ಪ್ರಶ್ನೆ ವಹಿ, ಒಂದು ಪೆನ್ಸಿಲ್ ಇಡಿ. ಆರು ತಿಂಗಳಾದ ಮೇಲೆ ಆ ವಹಿಯನ್ನು ನಿಮ್ಮ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ನಮ್ಮ ಮಕ್ಕಳಿಗೆ ಎಂಥ ಪುಸ್ತಕ ಬೇಕು ಎಂಬುದನ್ನು ಊರಿಗೆ ಮಕ್ಕಳೇ ತಿಳಿಸಲಿ.

ಇತಿ ನಿಮ್ಮ ಕೆಲಸವನ್ನು ಗೌರವಿಸುವ
ಒಬ್ಬ ಓದುಗ